ನಲವತ್ತೈದರ ಮೇಲೆ ಮೊದಲ ಟ್ರಯಥ್ಲಾನ್

2024ರ ಅಕ್ಟೋಬರ್ 27ರಂದು ಗೋವಾದಲ್ಲಿ ನಡೆದ ಐರನ್‌ಮ್ಯಾನ್ 70.3 ಸ್ಪರ್ಧೆಯನ್ನು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷಗಳಲ್ಲಿ ಮುಗಿಸಿದರು. ಆ ಸ್ಪರ್ಧೆಗಿರುವ ಗಡುವು ಎಂಟೂವರೆ ಗಂಟೆ. ಸುದ್ದಿ ಬಂದಾಗಿನಿಂದ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ವಾಕಿಂಗ್ ಗುಂಪುಗಳಲ್ಲಿ ಒಂದು ಪ್ರಶ್ನೆ ಆಗಾಗ ತಲೆ ಎತ್ತುತ್ತದೆ: ‘ನಮ್ಮ ಕೈಲೂ ಆಗತ್ತಾ?’ ಕೇಳುವವರಿಗೆ ನಲವತ್ತೈದೋ ಐವತ್ತೋ. ಮಕ್ಕಳು ಕಾಲೇಜು ಸೇರಿದ್ದಾರೆ, ಸಾಲದ ಕಂತು ಮುಗಿಯುತ್ತಾ ಬಂದಿದೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಡಾಕ್ಟರು ‘ಶುಗರ್ ಬಾರ್ಡರ್‌ನಲ್ಲಿದೆ’ ಅಂದಿದ್ದಾರೆ.

ಆಗತ್ತೆ. ಆದರೆ ಸಂಸದರಿಗೆ ಆಗ ವಯಸ್ಸು 33. ಅದಕ್ಕೂ ಎರಡು ವರ್ಷ ಮೊದಲು, 2022ರಲ್ಲಿ, ಅದೇ ಗೋವಾದಲ್ಲಿ ಅವರು ರಿಲೇ ತಂಡದ ಸದಸ್ಯರಾಗಿ ಸೈಕಲ್ ಭಾಗವನ್ನಷ್ಟೇ ಮಾಡಿದ್ದರು. ಈಜು, ಸೈಕಲ್, ಓಟ ಮೂರನ್ನೂ ಒಬ್ಬರೇ ಮಾಡುವ ಮೊದಲು ಒಂದನ್ನು ಮಾಡಿ ನೋಡಿದ್ದು ಜಾಣತನ. ನಡುವಯಸ್ಸಿನವರು ಅನುಕರಿಸಬೇಕಾದದ್ದು ಈ ಎರಡನೆಯ ಸಂಗತಿಯನ್ನು.

ಟ್ರಯಥ್ಲಾನ್ ಎಂದ ಕೂಡಲೇ ಐರನ್‌ಮ್ಯಾನ್ ಎಂದೇ ಎಲ್ಲರೂ ತಿಳಿಯುತ್ತಾರೆ. ಹುಟ್ಟಿದಾಗ ಅದು ಅಂಥ ಭೀಮಸಾಹಸವೇನೂ ಆಗಿರಲಿಲ್ಲ. 1974ರ ಸೆಪ್ಟೆಂಬರ್ 25ರ ಸಂಜೆ ಅಮೆರಿಕದ ಸ್ಯಾನ್ ಡಿಯಾಗೋ ಊರಿನ ಓಟಗಾರರ ಕ್ಲಬ್ಬೊಂದು ಮಿಷನ್ ಬೇ ಎಂಬಲ್ಲಿ ತಮಾಷೆಗೆಂದು ಓಟ, ಸೈಕಲ್, ಈಜು ಮೂರನ್ನೂ ಸೇರಿಸಿ ಪಂದ್ಯ ಇಟ್ಟಿತು. 46 ಜನ ಬಂದರು. ಹವಾಯಿಯ ಮೊದಲ ಐರನ್‌ಮ್ಯಾನ್ ನಡೆದದ್ದು 1978ರ ಫೆಬ್ರುವರಿಯಲ್ಲಿ. ಹೊರಟವರು 15, ಮುಗಿಸಿದವರು 12. ಹೆಸರು ಮಾತ್ರ ಈ ಎರಡನೆಯದ್ದೇ ಗಟ್ಟಿಯಾಗಿ ನಿಂತಿತು. ಪೂರ್ಣ ಐರನ್‌ಮ್ಯಾನ್ ಎಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಗೋವಾದ್ದು ಅದರ ಅರ್ಧ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಆಡಿಸುತ್ತಿರುವುದು 1.5, 40 ಮತ್ತು 10 ಕಿ.ಮೀ.ಗಳದ್ದು. ಅದರಲ್ಲೂ ಅರ್ಧ ಮಾಡಿದರೆ ಬರುವುದು ಸ್ಪ್ರಿಂಟ್: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ನಿಮ್ಮ ಮೊದಲ ಟ್ರಯಥ್ಲಾನ್ ಈ ಸ್ಪ್ರಿಂಟ್ ಆಗಿರಲಿ. ಚೆನ್ನಾಗಿ ತಯಾರಾದ ಐವತ್ತರ ಹೊಸಬರು ಒಂದೂವರೆಯಿಂದ ಎರಡು ಗಂಟೆಯಲ್ಲಿ ಮುಗಿಸುತ್ತಾರೆ, ಮಾರನೆಯ ದಿನ ಆಫೀಸಿಗೂ ಹೋಗುತ್ತಾರೆ.

ವಯಸ್ಸಿನ ಅನುಮಾನ ಇದ್ದವರಿಗೆ ಮೂರು ಹೆಸರು ಹೇಳಿ ಮುಂದೆ ಹೋಗುತ್ತೇನೆ. ಮಿಲಿಂದ್ ಸೋಮನ್ 2015ರಲ್ಲಿ ಜ್ಯೂರಿಕ್‌ನ ಪೂರ್ಣ ಐರನ್‌ಮ್ಯಾನ್ ಮುಗಿಸಿದಾಗ 49 ತುಂಬಿ ಐವತ್ತರ ಅಂಚಿನಲ್ಲಿದ್ದರು. ಅಮೆರಿಕದ ಕ್ರೈಸ್ತ ಸನ್ಯಾಸಿನಿ ಮಡೋನಾ ಬ್ಯೂಡರ್ ಓಡಲು ಶುರು ಮಾಡಿದ್ದೇ 48ನೇ ವಯಸ್ಸಿನಲ್ಲಿ. 2012ರಲ್ಲಿ 82ರ ಪ್ರಾಯದಲ್ಲಿ ಕೆನಡಾದ ಐರನ್‌ಮ್ಯಾನ್ ಮುಗಿಸಿದರು. ಜಪಾನಿನ ಹಿರೋಮು ಇನಾಡ ಮೊದಲ ಟ್ರಯಥ್ಲಾನ್ ಮಾಡಿದ್ದು ಎಪ್ಪತ್ತರಲ್ಲಿ, ಹವಾಯಿಯ ವಿಶ್ವ ಚಾಂಪಿಯನ್‌ಷಿಪ್ ಪೂರೈಸಿದ್ದು 2018ರಲ್ಲಿ, 85ರಲ್ಲಿ. ಇವರು ಅಪವಾದಗಳೇ ಸರಿ. ನಾವು ಕೇಳುತ್ತಿರುವುದು ಇವರು ಮಾಡಿದ್ದರ ಸಣ್ಣ ಪಾಲನ್ನು ಮಾತ್ರ.

ಮೊದಲು ಎದೆ ತೋರಿಸಿ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡ ಮೇಲೆ ಈ ಊರಿನ ನಡುವಯಸ್ಸಿನ ಗಂಡಸರಲ್ಲಿ ವ್ಯಾಯಾಮದ ಬಗ್ಗೆಯೇ ಒಂದು ದಿಗಿಲು ಕೂತಿದೆ. ಅಷ್ಟು ಗಟ್ಟಿಮುಟ್ಟಾಗಿದ್ದವರಿಗೇ ಹಾಗಾದರೆ ನಮ್ಮ ಪಾಡೇನು ಎಂಬ ದಿಗಿಲು. ಮರುದಿನಗಳಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಬಂದವರ ಸಾಲು ಬೆಳೆದದ್ದು ಎಲ್ಲರಿಗೂ ನೆನಪಿದೆ. ದಿಗಿಲಿನಿಂದ ಸೋಫಾ ಹಿಡಿದು ಕೂತರೆ ಹೃದಯಕ್ಕೆ ಒಳ್ಳೆಯದೇನೂ ಆಗುವುದಿಲ್ಲ. ತಪಾಸಣೆಗೆ ಹೋದದ್ದು ಮಾತ್ರ ಸರಿಯಾದ ಕೆಲಸ. ಟ್ರಯಥ್ಲಾನ್‌ಗೆ ಇಳಿಯುವವರು ಅದನ್ನು ಬಿಡಲೇಬಾರದು.

ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಿ ಆದ ಸಾವು ಮತ್ತು ಹೃದಯಸ್ತಂಭನಗಳ ಲೆಕ್ಕ ತೆಗೆದ ಅಧ್ಯಯನವೊಂದಿದೆ. ಒಟ್ಟು 135 ಪ್ರಕರಣ. ಅದರಲ್ಲಿ 90 ಆದದ್ದು ಈಜಿನ ಭಾಗದಲ್ಲಿ. ಸರಾಸರಿ ವಯಸ್ಸು 47ರ ಆಸುಪಾಸು, ನೂರಕ್ಕೆ 85 ಮಂದಿ ಗಂಡಸರು. ಲಕ್ಷ ಸ್ಪರ್ಧಿಗಳಿಗೆ ಇಬ್ಬರಿಗಿಂತ ಕಡಿಮೆ, ಹಾಗಾಗಿ ಬೆಚ್ಚಿಬೀಳಬೇಕಿಲ್ಲ. ಅಪಾಯ ಎಲ್ಲಿದೆ, ಯಾರಿಗಿದೆ ಎಂಬುದು ಮಾತ್ರ ಇದರಿಂದ ಸ್ಪಷ್ಟ: ನೀರಿನಲ್ಲಿ, ನಡುವಯಸ್ಸಿನ ಗಂಡಸಿಗೆ.

ಆದ್ದರಿಂದ ಶೂ ಕೊಳ್ಳುವ ಮುಂಚೆ ಡಾಕ್ಟರ ಹತ್ತಿರ ಹೋಗಿ, ‘ಟ್ರಯಥ್ಲಾನ್ ಮಾಡಬೇಕೆಂದಿದ್ದೇನೆ’ ಎಂದೇ ಹೇಳಿ. ‘ಸ್ವಲ್ಪ ವ್ಯಾಯಾಮ’ ಎಂದರೆ ಅವರು ಬಿ.ಪಿ. ನೋಡಿ ಕಳಿಸಿಬಿಡುತ್ತಾರೆ. ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ರಕ್ತದಲ್ಲಿ ಸಕ್ಕರೆ ಮತ್ತು ಕೊಬ್ಬಿನ ಅಂಶ, ಇವುಗಳಲ್ಲಿ ನಿಮಗೆ ಯಾವುದು ಬೇಕೆಂದು ಅವರು ತೀರ್ಮಾನಿಸಲಿ. ಅಪ್ಪ, ಅಣ್ಣ, ಚಿಕ್ಕಪ್ಪ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದಿಂದ ಹೋಗಿದ್ದರೆ ಅದನ್ನು ಮುಚ್ಚಿಡಬೇಡಿ. ಟ್ರೆಡ್‌ಮಿಲ್ ಪರೀಕ್ಷೆ ‘ನೆಗೆಟಿವ್’ ಬಂದದ್ದು ಆಯುಷ್ಯದ ಗ್ಯಾರಂಟಿ ಕಾರ್ಡ್ ಅಲ್ಲ. ವ್ಯಾಯಾಮದ ನಡುವೆ ಎದೆ ಬಿಗಿತ, ದವಡೆಗೋ ಎಡಗೈಗೋ ಹಬ್ಬುವ ನೋವು, ತಲೆ ಸುತ್ತು, ಎಂದೂ ಇಲ್ಲದ ಏದುಸಿರು ಕಂಡರೆ ಅವತ್ತಿನ ಅಭ್ಯಾಸ ಅಲ್ಲಿಗೇ ನಿಲ್ಲಬೇಕು, ಕಾಲು ಆಸ್ಪತ್ರೆಯ ಕಡೆ ತಿರುಗಬೇಕು. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗುವವರು ನಮ್ಮಲ್ಲಿ ಬಹಳ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ವ್ಯಾಯಾಮದಲ್ಲಿ ಸಕ್ಕರೆ ದಿಢೀರನೆ ಕುಸಿಯಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ, ಔಷಧದ ಪ್ರಮಾಣವನ್ನು ಡಾಕ್ಟರ ಜೊತೆ ಕೂತು ಹೊಂದಿಸಿಕೊಳ್ಳಿ. ಬಿ.ಪಿ.ಗೆ ಬೀಟಾ ಬ್ಲಾಕರ್ ನುಂಗುವವರ ನಾಡಿ ಎಷ್ಟು ಓಡಿದರೂ ಹೆಚ್ಚು ಏರುವುದಿಲ್ಲ, ಹಾಗಾಗಿ ಕೈಗಡಿಯಾರ ತೋರಿಸುವ ಅಂಕಿ ನಂಬಿ ಜೋರು ಮಾಡುವುದು ಅಪಾಯ.

ನೀರು

ಓಟ ಎಲ್ಲರಿಗೂ ಗೊತ್ತು, ಸೈಕಲ್ ಬಾಲ್ಯದಲ್ಲಿ ಬಾಡಿಗೆಗೆ ತಂದು ಕಲಿತದ್ದು. ಬಾಕಿ ಉಳಿದದ್ದು ಈಜು, ಮತ್ತು ಬೆಂಗಳೂರಿನ ನಡುವಯಸ್ಸಿನವರ ಟ್ರಯಥ್ಲಾನ್ ಕನಸು ಮುಳುಗುವುದು ಅಲ್ಲೇ. ತಮಗೆ ಬರುವ ಓಟವನ್ನೇ ಆರು ತಿಂಗಳು ತಿದ್ದಿ, ಈಜನ್ನು ಕೊನೆಯ ಎರಡು ತಿಂಗಳಿಗೆ ಇಟ್ಟುಕೊಳ್ಳುತ್ತಾರೆ. ತಿರುಗಿಸಿ ಮಾಡಿ. ಈಜು ಬಾರದವರು ಮೊದಲ ಮೂರು ತಿಂಗಳನ್ನು ನೀರಿಗೇ ಕೊಡಿ; ವಾರಕ್ಕೆ ಮೂರು ದಿನ ಕೊಳ, ಉಳಿದಂತೆ ನಡಿಗೆ ಸಾಕು.

ಈ ವಿಷಯದಲ್ಲಿ ಬಸವನಗುಡಿಯವರು ಪುಣ್ಯವಂತರು. ಬಸವನಗುಡಿ ಅಕ್ವಾಟಿಕ್ ಸೆಂಟರ್, ನೆಟ್ಟಕಲ್ಲಪ್ಪ ಅಕ್ವಾಟಿಕ್ ಸೆಂಟರ್ ಎರಡೂ ದೇಶಕ್ಕೆ ಈಜುಗಾರರನ್ನು ಕೊಟ್ಟ ಜಾಗಗಳು. ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಫ್ರೀಸ್ಟೈಲ್ ಈಜಿದ ಗಗನ್ ಉಳ್ಳಾಲ್‌ಮಠ ಇಬ್ಬರೂ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಲ್ಲಿ ಪಳಗಿದವರು. ಮಲ್ಲೇಶ್ವರದವರಿಗೆ ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳ ಹತ್ತಿರ. ಅಂದಹಾಗೆ, ಮಲ್ಲೇಶ್ವರದಲ್ಲಿ ಈಜುಕೊಳದ ಹೆಸರನ್ನೇ ಹೊತ್ತ ಬಡಾವಣೆಯೊಂದಿದೆ, ಸ್ವಿಮ್ಮಿಂಗ್ ಪೂಲ್ ಎಕ್ಸ್‌ಟೆನ್ಷನ್. ಅಲ್ಲಿ ವಾಸವಿದ್ದೂ ಈಜು ಬಾರದವರು ಇನ್ನಾದರೂ ಮನಸ್ಸು ಮಾಡಬಹುದು. ಎಲ್ಲಿಗೆ ಸೇರಿದರೂ ‘ವಯಸ್ಕರ ಬ್ಯಾಚ್ ಇದೆಯೇ, ಹೇಳಿಕೊಡುವ ಕೋಚ್ ಇದ್ದಾರೆಯೇ’ ಎಂದು ಕೇಳಿ ಸೇರಿ. ಹೆಂಗಸರಿಗೆ ಪ್ರತ್ಯೇಕ ಹೊತ್ತು ಇಟ್ಟಿರುವ ಕೊಳಗಳು ಹಲವಿವೆ. ಮೈ ಪೂರ್ತಿ ಮುಚ್ಚುವ ಲೈಕ್ರಾ ಉಡುಪು ಈಗ ಎಲ್ಲ ಕಡೆ ಸಿಗುತ್ತದೆ; ಹತ್ತಿ ಬಟ್ಟೆಯಲ್ಲಿ ಇಳಿಯಲು ಮಾತ್ರ ಬಿಡುವುದಿಲ್ಲ.

ಬೆಳಗಿನ ಆರರ ವಯಸ್ಕರ ಬ್ಯಾಚಿನಲ್ಲಿ ಯಾವ ಕೊಳದ ಅಂಚಿನಲ್ಲಿ ನಿಂತು ನೋಡಿದರೂ ಒಂದೇ ಚಿತ್ರ. ಹೊಸ ಕ್ಯಾಪು, ಹೊಸ ಗಾಗಲ್ ಹಾಕಿದ ಮನುಷ್ಯ ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತಿರುತ್ತಾರೆ. ಬಾಯಿ ತುಂಬ ಗಾಳಿ ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಕಣ್ಣು ಬಿಗಿಹಿಡಿದು ಮುಖ ಮುಳುಗಿಸುತ್ತಾರೆ. ಐದಾರು ಸಲ ಕೈ ಬೀಸುತ್ತಾರೆ. ಆಮೇಲೆ ಯಾರೋ ಕೆಳಗಿನಿಂದ ಎಳೆದವರಂತೆ ನೆಟ್ಟಗೆ ಎದ್ದು ನಿಂತು ಕೆಮ್ಮುತ್ತಾರೆ. ಮೇಲಿನಿಂದ ಕೋಚ್ ದನಿ: ‘ಸಾರ್, ನೀರೊಳಗೆ ಉಸಿರು ಬಿಡಿ ಸಾರ್, ಹಿಡ್ಕೋಬೇಡಿ!’ ಪಕ್ಕದ ಲೇನಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ನಾಲ್ಕನೇ ಲ್ಯಾಪ್ ಮುಗಿಸಿ ತಿರುಗಿ ಹೋಗುತ್ತಾಳೆ.

ಆ ಕೋಚ್ ಹೇಳಿದ ಒಂದು ಮಾತಿನಲ್ಲಿ ಮುಕ್ಕಾಲು ಈಜು ಇದೆ. ಉಸಿರು ಹಿಡಿದಾಗ ಕಾಡುವುದು ಆಮ್ಲಜನಕದ ಕೊರತೆಗಿಂತ ಮೊದಲು ಒಳಗೆ ಕೂಡಿಕೊಳ್ಳುವ ಇಂಗಾಲದ ಡೈಆಕ್ಸೈಡ್. ಅದು ಏರಿದಂತೆ ಮೆದುಳು ಗಾಬರಿ ಗಂಟೆ ಬಾರಿಸುತ್ತದೆ, ತಲೆ ಮೇಲೇಳುತ್ತದೆ. ತಲೆ ಎದ್ದರೆ ಸೊಂಟ ಇಳಿಯುತ್ತದೆ, ಸೊಂಟ ಇಳಿದರೆ ಕಾಲು ಮುಳುಗುತ್ತದೆ, ಕಾಲು ಮುಳುಗಿದರೆ ಎಷ್ಟು ಕೈ ಬಡಿದರೂ ದೇಹ ಮುಂದೆ ಹೋಗುವುದಿಲ್ಲ. ಆದ್ದರಿಂದ ಮೊದಲ ಎರಡು ವಾರ ಈಜುವ ಆಸೆಯನ್ನೇ ಬಿಡಿ. ಮುಖ ನೀರಲ್ಲಿಟ್ಟು ಮೂಗು, ಬಾಯಿಗಳಿಂದ ನಿಧಾನವಾಗಿ ಗುಳ್ಳೆ ಬಿಡುವುದು, ಮಕಾಡೆ ತೇಲುವುದು, ಗೋಡೆ ಒದ್ದು ಬಾಣದಂತೆ ಜಾರುವುದು, ಕಿಕ್ ಬೋರ್ಡ್ ಹಿಡಿದು ಕಾಲು ಆಡಿಸುವುದು, ಇಷ್ಟೇ. ಕಾಲು ಸೊಂಟದಿಂದ ಆಡಬೇಕು, ಮಂಡಿಯಿಂದಲ್ಲ. ಆಮೇಲೆ ತಲೆ ಎತ್ತದೆ, ಮೈಯನ್ನೇ ಪಕ್ಕಕ್ಕೆ ಹೊರಳಿಸಿ ಉಸಿರು ಎಳೆಯುವುದು. 25 ಮೀಟರ್ ನೆಮ್ಮದಿಯಾಗಿ ಬಂದರೆ ಬಾಕಿಯದು ಬರುತ್ತದೆ: 50 ಮೀಟರ್ ಈಜಿ ಅರ್ಧ ನಿಮಿಷ ನಿಲ್ಲುವುದನ್ನು ನಾಲ್ಕು ಸಲ, ಆಮೇಲೆ ಎಂಟು ಸಲ, ಆಮೇಲೆ ನೂರು ಮೀಟರಿನ ತುಂಡುಗಳು, ನಿಲ್ಲುವ ಹೊತ್ತು ಕಡಿಮೆ ಮಾಡುತ್ತಾ ಹೋಗುವುದು. 750 ಮೀಟರ್ ಒಂದೇ ಏಟಿಗೆ ಆದ ದಿನ ವೇಗ ನೋಡಬೇಡಿ. ಇಪ್ಪತ್ತೈದು ನಿಮಿಷ ಹಿಡಿದರೂ ಚಿಂತೆಯಿಲ್ಲ.

ಮಂಡ್ಯ, ಹಾಸನ, ತುಮಕೂರು ಕಡೆಯಿಂದ ಬಂದು ಚಾಮರಾಜಪೇಟೆಯಲ್ಲಿ ನೆಲೆಸಿದವರ ಸಮಸ್ಯೆ ಬೇರೆ. ಅವರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಕಲಿತವರು. ನೀರಿನ ಭಯ ಎಳ್ಳಷ್ಟೂ ಇಲ್ಲ. ಆದರೆ ತಲೆ ಸದಾ ಮೇಲೆ, ಕೈಕಾಲು ನೀರು ಕಡೆಯುತ್ತಿರುತ್ತವೆ. ನೂರು ಮೀಟರ್‌ಗೇ ಸುಸ್ತು. ‘ನಂಗೆ ಈಜು ಬರತ್ತೆ ಬಿಡ್ರಿ’ ಎನ್ನುವ ಇವರಿಗೆ ಕಲಿಸುವುದು ಏನೂ ಬಾರದವರಿಗೆ ಕಲಿಸುವುದಕ್ಕಿಂತ ಕಷ್ಟ ಎಂದು ಕೋಚ್‌ಗಳು ಗೊಣಗುತ್ತಾರೆ. ಆ ಧೈರ್ಯ ಮಾತ್ರ ಸಮುದ್ರದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಸಮುದ್ರದ ಮಾತು ಬಂದದ್ದಕ್ಕೆ ಹೇಳುತ್ತೇನೆ: ಮೊದಲ ಸ್ಪರ್ಧೆಯ ಈಜು ಕೊಳದಲ್ಲೇ ನಡೆಯುವಂಥದ್ದನ್ನು ಹುಡುಕಿ. ತೆರೆದ ನೀರಿನಲ್ಲಿ ತಳದ ಗೆರೆ ಇಲ್ಲ, ಗೋಡೆ ಇಲ್ಲ, ಸುತ್ತ ನೂರು ಜನರ ಕೈಕಾಲು. ಕೊಳದಲ್ಲಿ ಎರಡು ಕಿ.ಮೀ. ಈಜುವವರೂ ಅಲ್ಲಿ ಮೊದಲ ಐದು ನಿಮಿಷ ಕಂಗಾಲಾಗುತ್ತಾರೆ. ಗೋವಾಕ್ಕೋ ಮಂಗಳೂರಿನ ಕಡಲತೀರದ ಸ್ಪರ್ಧೆಗೋ ಹೋಗಲೇಬೇಕೆಂದರೆ ಅದಕ್ಕೆ ಮೊದಲು ಜೀವರಕ್ಷಕರ ಕಣ್ಣೆದುರಿನಲ್ಲಿ, ಗುಂಪಿನಲ್ಲಿ, ಹಲವು ಸಲ ಸಮುದ್ರಕ್ಕೆ ಇಳಿದಿರಬೇಕು. ಪ್ರತಿ ಆರೆಂಟು ಬೀಸಿಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ತಂದು ಬಾಯ್ (ತೇಲುಗುರುತು) ಎಲ್ಲಿದೆ ಎಂದು ನೋಡುವುದನ್ನು ಕೊಳದಲ್ಲೇ ರೂಢಿಸಿಕೊಳ್ಳಿ. ಕೆಂಪಾಂಬುಧಿಯಲ್ಲೋ ಸ್ಯಾಂಕಿಯಲ್ಲೋ ಅಭ್ಯಾಸ ಮಾಡುತ್ತೇನೆಂದು ಹೊರಡಬೇಡಿ; ಊರ ಕೆರೆಗಳು ಈಜುವುದಕ್ಕಲ್ಲ.

ಸೈಕಲ್ಲು

ಲಕ್ಷ ರೂಪಾಯಿಯ ಕಾರ್ಬನ್ ಸೈಕಲ್ ಕೊಂಡು ಮೂರು ತಿಂಗಳಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವವರ ಸಂಖ್ಯೆ ಈ ಬಡಾವಣೆಗಳಲ್ಲಿ ಕಡಿಮೆಯೇನಿಲ್ಲ. ಸ್ಪ್ರಿಂಟ್‌ಗೆ ಒಂದು ಸಾಧಾರಣ ಹೈಬ್ರಿಡ್ ಸೈಕಲ್ ಧಾರಾಳ ಸಾಕು. ಅಂಥ ಬಟ್ಟೆ ಒಣಗುವ ಸೈಕಲ್ಲನ್ನೇ ಸೆಕೆಂಡ್ ಹ್ಯಾಂಡ್ ಕೊಂಡರೂ ಆಗುತ್ತದೆ. ಹಣ ಹಾಕಬೇಕಾದದ್ದು ಹೆಲ್ಮೆಟ್‌ಗೆ, ಮುಂದೆ ಹಿಂದೆ ಎರಡು ದೀಪಕ್ಕೆ, ಪ್ಯಾಡ್ ಇರುವ ಚಡ್ಡಿಗೆ, ಮತ್ತು ಅಂಗಡಿಯವರು ನಿಮ್ಮ ಅಳತೆಗೆ ಸೀಟು ಹೊಂದಿಸಿಕೊಡುವ ಕೆಲಸಕ್ಕೆ. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ನಮ್ಮವರು ನೆಲಕ್ಕೆ ಪೂರ್ತಿ ಪಾದ ಸಿಗಲೆಂದು ಸೀಟು ಇಳಿಸಿಕೊಂಡು ಒಂದೇ ತಿಂಗಳಲ್ಲಿ ಮಂಡಿನೋವು ತಂದುಕೊಳ್ಳುತ್ತಾರೆ.

ವಾರದ ದಿನಗಳಲ್ಲಿ ಆರೂವರೆಗೆ ಮೊದಲು ಬಡಾವಣೆಯ ಒಳರಸ್ತೆಗಳೇ ಮೈದಾನ. ಚಾಮರಾಜಪೇಟೆ 1892ರಲ್ಲಿ, ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಗೆರೆ ಎಳೆದಂತೆ ಮೇನು, ಕ್ರಾಸುಗಳಲ್ಲಿ ರೂಪುಗೊಂಡವು. ತಿರುವು ತೆಗೆದುಕೊಳ್ಳುವುದು, ಗೇರ್ ಬದಲಿಸುವುದು, ಒಂದು ಕೈ ಬಿಟ್ಟು ನೀರು ಕುಡಿಯುವುದು, ಇವನ್ನೆಲ್ಲ ಅಲ್ಲಿ ಕಲಿಯಬಹುದು. ಬುಲ್ ಟೆಂಪಲ್ ರಸ್ತೆಯ ಏರು ತೊಡೆಗೆ ಒಳ್ಳೆಯ ಪಾಠ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸುವ ಬದಲು ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಬಹುಪಾಲು ನಾಯಿಗಳಿಗೆ ಅಲ್ಲಿಗೇ ಆಸಕ್ತಿ ಹೋಗುತ್ತದೆ. ಮಳೆಯಲ್ಲಿ ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಮಳೆ ಬಂದ ಬೆಳಗ್ಗೆ ಮನೆಯಲ್ಲೇ ಟ್ರೈನರ್ ಸ್ಟ್ಯಾಂಡಿನ ಮೇಲೆ ತುಳಿಯುವುದೇ ವಾಸಿ.

ಭಾನುವಾರ ಉದ್ದ ಸವಾರಿ. ಬಸವನಗುಡಿಯವರು ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿ ಕಗ್ಗಲೀಪುರದವರೆಗೆ ಹೋಗಿ ಬಂದರೆ ನಲವತ್ತು ಕಿ.ಮೀ. ಆಸುಪಾಸು, ಮಲ್ಲೇಶ್ವರದವರಿಗೆ ಯಶವಂತಪುರದ ಆಚೆ ಹೆಸರಘಟ್ಟದ ಕಡೆ ಹತ್ತಿರ ಹತ್ತಿರ ಅಷ್ಟೇ. ಇಬ್ಬರು ಮೂವರು ಜೊತೆಗಿರಲಿ, ಪಂಕ್ಚರ್ ಆದರೆ ಟ್ಯೂಬ್ ಬದಲಿಸಲು ಎಲ್ಲರಿಗೂ ಬರಲಿ. ನಂದಿ ಬೆಟ್ಟ ಹತ್ತುವುದು ಬೆಂಗಳೂರಿನ ಸೈಕಲ್ಲಿಗರ ವ್ರತ. 1,478 ಮೀಟರ್ ಎತ್ತರದ ಆ ಬೆಟ್ಟ ನಿಮ್ಮ ಮೊದಲ ವರ್ಷದ ಪಟ್ಟಿಯಲ್ಲಿ ಇರಬೇಕಿಲ್ಲ.

ಓಟ, ಮತ್ತು ಹಿಮ್ಮಡಿ

ನಡುವಯಸ್ಸಿನ ಓಟದ ಕಷ್ಟ ಇರುವುದು ಒಂದು ವ್ಯತ್ಯಾಸದಲ್ಲಿ. ಹೃದಯ, ಶ್ವಾಸಕೋಶಗಳು ಆರೆಂಟು ವಾರದಲ್ಲಿ ಚುರುಕಾಗುತ್ತವೆ. ಸ್ನಾಯುರಜ್ಜು, ಮೂಳೆ, ಪಾದದ ಅಡಿಯ ಪಟ್ಟಿ ಹೊಂದಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಎದೆ ‘ಓಡು’ ಅನ್ನುತ್ತದೆ, ಹಿಮ್ಮಡಿ ‘ಸಾಕು’ ಅನ್ನುತ್ತದೆ. ಹಿಮ್ಮಡಿಯ ಮಾತು ಕೇಳಿ. ಬೆಳಗ್ಗೆ ಮಂಚದಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಆ ವಾರ ಓಟಕ್ಕೆ ರಜೆ, ಈಜು, ಸೈಕಲ್ಲು ಮುಂದುವರಿಯಲಿ. ಟ್ರಯಥ್ಲಾನ್‌ನ ಅನುಕೂಲವೇ ಇದು.

ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆಯಿಂದ ಶುರು ಮಾಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವ ವೇಗ ಸಾಕು. ಅಂಕಿ ಬೇಕೆನ್ನುವವರು ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಲಿ. ಐವತ್ತರವರಿಗೆ ಗರಿಷ್ಠ ನಾಡಿಬಡಿತ ಸುಮಾರು 173 ಬರುತ್ತದೆ. ಹೆಚ್ಚಿನ ಅಭ್ಯಾಸ 120ರಿಂದ 130ರ ನಡುವೆ ನಡೆಯಲಿ. ಲಾಲ್‌ಬಾಗ್‌ನ ಮಣ್ಣುದಾರಿಗಳು ಕಾಂಕ್ರೀಟಿಗಿಂತ ಕಾಲಿಗೆ ಹಿತ. 240 ಎಕರೆಯ ಆ ತೋಟದೊಳಗೆ ಒಂದೇ ದಾರಿ ಎರಡು ಸಲ ತುಳಿಯದೆ ಐದು ಕಿ.ಮೀ. ಓಡಬಹುದು. ಕೃಷ್ಣರಾವ್ ಪಾರ್ಕು, ಸ್ಯಾಂಕಿ ಕೆರೆಯ ಪಥ ನಡೆಯುವವರಿಗೇ ಸಾಲದು. ಅಲ್ಲಿ ಹಿರಿಯರ ಭುಜ ಸವರಿ ಓಡಿದರೆ ಬೈಸಿಕೊಳ್ಳುವುದು ಖಂಡಿತ, ಬೈಯುವುದು ನ್ಯಾಯವೂ ಹೌದು. ಭಾನುವಾರ ಕಬ್ಬನ್ ಪಾರ್ಕಿನ ಒಳರಸ್ತೆಗಳಿಗೆ ವಾಹನ ಬಿಡುವುದಿಲ್ಲ, ಚಾಮರಾಜಪೇಟೆಯಿಂದ ಅದೇನು ಮಹಾ ದೂರ.

ಮೂವತ್ತು ದಾಟಿದ ಮೇಲೆ ಸ್ನಾಯು ಕರಗುವುದು ಸಹಜ, ಮುಟ್ಟು ನಿಲ್ಲುವ ಹೊತ್ತಿನ ಹೆಂಗಸರಿಗೆ ಮೂಳೆಯೂ ಸವೆಯುತ್ತದೆ. ಇದಕ್ಕೆ ಜಿಮ್ಮೇ ಬೇಕೆಂದಿಲ್ಲ. ಗರಡಿಮನೆಯ ಬಸ್ಕಿ, ದಂಡ, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ನೀರಿನ ಕ್ಯಾನು ಎತ್ತುವುದು, ವಾರಕ್ಕೆರಡು ಸಲ ಇಪ್ಪತ್ತು ನಿಮಿಷ. ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವ ಅಭ್ಯಾಸ ಇದೇ, ಬಿಡಬಾರದ್ದೂ ಇದೇ.

ವಾರ ಹೇಗಿರಬೇಕು

ಈಜು ಬಂದ ಮೇಲೆ ಹದಿನಾರು ವಾರ ಸಾಕು, ವಾರಕ್ಕೆ ಐದಾರು ಗಂಟೆ. ಮಂಗಳವಾರ, ಗುರುವಾರ, ಶನಿವಾರ ಕೊಳ. ಬುಧವಾರ, ಶುಕ್ರವಾರ ಓಟ. ಭಾನುವಾರ ಸೈಕಲ್ಲು. ಸೋಮವಾರ ರಜೆ, ಪೂರ್ತಿ ರಜೆ. ಪ್ರತಿ ನಾಲ್ಕನೇ ವಾರ ಎಲ್ಲವನ್ನೂ ಮೂರನೇ ಒಂದು ಭಾಗ ಇಳಿಸಿ. ಇಪ್ಪತ್ತೈದರ ಹುಡುಗರಿಗೆ ಇದು ಬೇಕಾಗದಿರಬಹುದು, ನಿಮಗೆ ಬೇಕು. ದೇಹ ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ, ರಾತ್ರಿ ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳುವವರಿಗೆ ಆ ವಿಶ್ರಾಂತಿ ಎಲ್ಲಿಂದ ಬರಬೇಕು? ಭಾನುವಾರ ಒಂಬತ್ತರೊಳಗೆ ಮನೆ ಸೇರುವುದೂ ತರಬೇತಿಯ ಭಾಗವೇ. ಮನೆಯವರ ಸಮ್ಮತಿ ಇಲ್ಲದ ಟ್ರಯಥ್ಲಾನ್ ಹತ್ತನೇ ವಾರಕ್ಕೆ ನಿಲ್ಲುತ್ತದೆ.

ಎಂಟನೇ ವಾರದಿಂದ ಭಾನುವಾರದ ಸವಾರಿ ಮುಗಿದ ತಕ್ಷಣ ಶೂ ಬದಲಿಸಿ ಹತ್ತು ನಿಮಿಷ ಓಡಿ. ಇದನ್ನು ಬ್ರಿಕ್ ಎನ್ನುತ್ತಾರೆ. ಸೈಕಲ್ ಇಳಿದ ಕಾಲುಗಳು ಮರಗಟ್ಟಿದಂತಾಗಿ, ನೆಲ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಏಳೆಂಟು ನಿಮಿಷಕ್ಕೆ ಸರಿಹೋಗುತ್ತದೆ. ಸರಿಹೋಗುತ್ತದೆ ಎಂದು ಮೊದಲೇ ಗೊತ್ತಿದ್ದವರು ಸ್ಪರ್ಧೆಯ ದಿನ ಗಾಬರಿಯಾಗುವುದಿಲ್ಲ.

ತಿನ್ನುವುದು, ಕುಡಿಯುವುದು

ಒಂದು ಗಂಟೆಯೊಳಗಿನ ಅಭ್ಯಾಸಕ್ಕೆ ನೀರು ಬಿಟ್ಟು ಬೇರೇನೂ ಬೇಡ. ಅದಕ್ಕಿಂತ ಹೆಚ್ಚಿನ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಬೇಕೆನ್ನುತ್ತಾರೆ. ಏಲಕ್ಕಿ ಬಾಳೆ, ಖರ್ಜೂರ, ಕಡಲೇಕಾಯಿ ಚಿಕ್ಕಿ ಜೇಬಿನಲ್ಲಿ ಕೂರುವ ಪದಾರ್ಥಗಳೇ. ದುಬಾರಿ ಜೆಲ್ ಬೇಕೆಂದರೆ ತರಿಸಿಕೊಳ್ಳಿ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತ ನಡೆಯುವ ದಿನಗಳಲ್ಲಿ ಚಾಮರಾಜಪೇಟೆ ಪೂರ್ತಿ ಕುಡಿಯುವ ಪಾನಕದಲ್ಲಿ ಬೆಲ್ಲವಿದೆ, ನಿಂಬೆಯಿದೆ. ಒಂದು ಚಿಟಿಕೆ ಉಪ್ಪು ಹಾಕಿ ಬಾಟಲಿಗೆ ತುಂಬಿದರೆ ಸವಾರಿಗೆ ಬೇಕಾದದ್ದು ಅದರಲ್ಲಿದೆ. ಬೆವರು ಧಾರಾಳ ಸುರಿಯುವವರಿಗೆ ಓಆರ್‌ಎಸ್ ಇನ್ನೂ ವಾಸಿ: ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇದ್ದವರು ಇದನ್ನೂ ಡಾಕ್ಟರಿಗೆ ಕೇಳಿಕೊಂಡೇ ಕುಡಿಯಲಿ.

ಸಸ್ಯಾಹಾರಿಗಳಿಗೆ ಕೊರತೆ ಬೀಳುವುದು ಪ್ರೋಟೀನ್. ಉಸಲಿ, ಕೋಸಂಬರಿ, ಮೊಳಕೆ ಹುರುಳಿಯ ಸಾರು, ಗಟ್ಟಿ ಮೊಸರು, ಪನ್ನೀರು ಊಟದ ತಟ್ಟೆಯಲ್ಲಿ ಅನ್ನದಷ್ಟೇ ಜಾಗ ಪಡೆಯಬೇಕು. ಓಟ ಮುಗಿಸಿ ವಿದ್ಯಾರ್ಥಿ ಭವನದ ಮುಂದೆಯೋ ಸಿ.ಟಿ.ಆರ್. ಮುಂದೆಯೋ ಸಾಲು ನಿಲ್ಲುವ ಸುಖವನ್ನು ಯಾರಿಗೂ ಬೇಡವೆನ್ನಲಾರೆ. ಐದು ಕಿ.ಮೀ. ಓಡಿದ ಲೆಕ್ಕ ತೋರಿಸಿ ಎರಡನೇ ಮಸಾಲೆ ದೋಸೆ ಹೇಳುವುದು ಮಾತ್ರ ಲೆಕ್ಕಕ್ಕೆ ಕೂಡುವುದಿಲ್ಲ.

ಸ್ಪರ್ಧೆಯ ದಿನ

ಹೊಸ ಶೂ, ಹೊಸ ತಿಂಡಿ, ಹೊಸ ಗಾಗಲ್ ಯಾವುದೂ ಅವತ್ತು ಬೇಡ. ಈಜು ಶುರುವಾಗುವಾಗ ಹಿಂದೆ, ಅಂಚಿನಲ್ಲಿ ನಿಂತುಕೊಳ್ಳಿ. ಮುಂದಿನವರ ಒದೆತ ತಪ್ಪುತ್ತದೆ. ತೆರೆದ ನೀರಿನಲ್ಲಿ ಸುಸ್ತಾದರೆ ಮಗುಚಿ ಅಂಗಾತ ತೇಲಿ, ಕೈ ಎತ್ತಿ, ಕಾವಲಿನ ದೋಣಿ ಹಿಡಿದು ನಿಂತುಕೊಳ್ಳಿ. ಅದನ್ನು ಹಿಡಿದು ಮುಂದಕ್ಕೆ ಸಾಗದಿದ್ದರೆ ಅನರ್ಹತೆಯೇನೂ ಇಲ್ಲ. ನೀರಿನಿಂದ ಬಂದು ಸೈಕಲ್ ಇಟ್ಟ ಜಾಗಕ್ಕೆ ಹೋದಾಗ ಮೊದಲು ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಿರಿ, ಆಮೇಲೆ ಸೈಕಲ್ ಮುಟ್ಟಿ. ಕ್ರಮ ತಪ್ಪಿದರೆ ದಂಡದ ನಿಮಿಷಗಳು ಬೀಳುತ್ತವೆ. ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಗಾಳಿ ತಪ್ಪಿಸುವಂತಿಲ್ಲ, ಕಿವಿಗೆ ಹಾಡು ಹಾಕಿಕೊಳ್ಳುವಂತಿಲ್ಲ. ಅರ್ಧ ಐರನ್‌ಮ್ಯಾನ್‌ಗೆ ಮುಂದೆಂದಾದರೂ ಹೋದರೆ ಈಜಿಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಯುವ ಹೊತ್ತಿಗೆ ಐದೂವರೆ ಗಂಟೆ ಎಂಬ ಗಡುವುಗಳೂ ಇರುತ್ತವೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ತಂಪಿನಲ್ಲಿ ಬೆಳೆದ ನಮ್ಮ ಮೈಗೆ ಕರಾವಳಿಯ ಶೆಖೆಯೇ ದೊಡ್ಡ ಎದುರಾಳಿ. ಹೋಗುವ ಎರಡು ವಾರ ಮೊದಲಿನಿಂದ ಒಂದಷ್ಟು ಓಟವನ್ನು ಬಿಸಿಲೇರಿದ ಮೇಲೆ ಮಾಡಿ ಮೈ ಒಗ್ಗಿಸಿಕೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಈಜುಕೊಳಗಳು ಮಕ್ಕಳ ಬೇಸಿಗೆ ಶಿಬಿರಗಳಿಂದ ತುಂಬಿ ತುಳುಕುತ್ತವೆ. ಆಗ ದೊಡ್ಡವರಿಗೆ ಲೇನೂ ಸಿಗುವುದಿಲ್ಲ, ಕೋಚ್‌ಗೆ ಪುರುಸೊತ್ತೂ ಇರುವುದಿಲ್ಲ. ಡಾಕ್ಟರ ಭೇಟಿಯನ್ನು ಆ ಎರಡು ತಿಂಗಳಲ್ಲಿ ಮುಗಿಸಿಕೊಳ್ಳಿ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಹೋಗಿ ವಯಸ್ಕರ ಬ್ಯಾಚ್‌ಗೆ ಹೆಸರು ಬರೆಸಿ. ಯಾವ ಸ್ಪರ್ಧೆಗೆ ನೋಂದಾಯಿಸುವುದು ಎಂಬುದನ್ನು, ಕೊಳದಲ್ಲಿ ಇನ್ನೂರು ಮೀಟರ್ ನಿಲ್ಲದೆ ಈಜಿದ ಮೇಲೆ ಯೋಚಿಸಿದರಾಯಿತು.